ಅಕ್ಕೋರ ಕೋಣೆಗೆ ಮಿರ್ಗದ ಮೊದಲು ಮಾಡು ಹೊದಿಸಬೇಕು

ಹಳೆ ವಿದ್ಯಾರ್ಥಿಗಳೇ, ಪಾಲಕರೇ, ಮುಂಬೈ, ಗೋವಾ, ಬೆಂಗಳೂರು ಅಂತ ಹೋಗಿ ನೆಲೆಸಿದ ನಮ್ಮೂರವರೇ,

ಹೈಸ್ಕೂಲಿನ ಪಕ್ಕದ ನಮ್ಮ ಟ್ರಸ್ಟಿನ ಮಾರ್ಗದರ್ಶನ ಕೇಂದ್ರದ ಹಂಚಿನ ಮಾಡು ಕಳೆದ ಮಳೆಗಾಲದಲ್ಲಿ ಕೈಕೊಟ್ಟಿತು. ಗಾಳಿಗೆ ಪಡುವಣ ಬದಿಯ ಹಂಚು ಹಾರಿತು, ಹಂಚು ಹೊರುವ ಪಕಾಸಿ ಮುರಿಯಿತು, ನೀರು ನೇರವಾಗಿ ನಮ್ಮ ಶಿಕ್ಷಕಿ ಅಕ್ಕೋರ ಕಪಾಟಿನ ಮೇಲೆ ಸುರಿಯಿತು. ತಾಡಪತ್ರಿ ಕಟ್ಟಿ ಹೇಗೋ ದಿನ ದೂಡಿದೆವು. ಈಗ ಮೇ ತಿಂಗಳು. ಜೂನ್ ಆರಂಭದ ಮಿರ್ಗದ (ಮೃಗಶಿರ) ಮಳೆ ಹಿಡಿದ ಮೇಲೆ ಮಾಡು ಹತ್ತುವುದಿಲ್ಲ ಅಂತ ಬಡಗಿ ಖಡಾಖಂಡಿತ ಹೇಳಿದ್ದಾರೆ.

ಅಕ್ಕೋರ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಹೇಳದೆ ಇರಲು ಆಗುವುದಿಲ್ಲ. ಶಾಲೆಯ ಲೆಕ್ಕದಲ್ಲಿ ಅವರು ಸಮಾಜ ವಿಜ್ಞಾನದ ಶಿಕ್ಷಕಿ, ಅಷ್ಟೇ. ಮಕ್ಕಳಿಗೆ ಮುಂದಿನ ದಾರಿ ತೋರಿಸಲು ಅಂತ ನಮ್ಮ ಹೈಸ್ಕೂಲಿನಲ್ಲಿ ಬೇರೆ ಹುದ್ದೆ ಯಾವತ್ತೂ ಇರಲಿಲ್ಲ. ಆ ಕೆಲಸವನ್ನು ಅವರೇ ಮೈಮೇಲೆ ಹಾಕಿಕೊಂಡರು, ನಿವೃತ್ತಿ ಆದ ಮೇಲೂ ಬಿಡಲಿಲ್ಲ, ಕಾಯಿಲೆ ಮಲಗಿಸುವ ತನಕ ಅದೇ ಕೋಣೆಯಲ್ಲಿ ಕೂತರು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಎಲ್ಲರೂ ಶಾಲೆಗೆ ಯಾರು ಫಸ್ಟ್ ಅಂತ ನೋಡುತ್ತಿದ್ದರೆ, ಅಕ್ಕೋರು ನಪಾಸಾದವರ ಪಟ್ಟಿ ಹಿಡಿದು ಹೊರಡುತ್ತಿದ್ದರು. ಮೀನುಗಾರರ ಖಾರ್ವಿಕೇರಿಗೆ, ಗುಡ್ಡದ ಬುಡದಲ್ಲಿ ಹಾಲಕ್ಕಿ ಸಮುದಾಯದವರು ಇರುವ ಕೊಪ್ಪಗಳಿಗೆ, ನಡೆದುಕೊಂಡೇ. ಯಾಕೆ ಅವತ್ತೇ ಅಂದರೆ, ಎರಡು ದಿನ ತಡವಾದರೂ ಹುಡುಗ ಮಲ್ಪೆಗೋ ಗೋವಾಕ್ಕೋ ಬೋಟಿನ ಕೆಲಸ ಕೇಳಿಕೊಂಡು ಹೋಗಿರುತ್ತಿದ್ದ. ಹೋದವನನ್ನು ಮತ್ತೆ ಪುಸ್ತಕಕ್ಕೆ ತರುವುದು ಸುಲಭವಲ್ಲ. ಇದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು, ಹೋದದ್ದು ಗಣಿತ ಒಂದೇ ಅಲ್ವಾ ಅಂತ ಜಗಲಿಯಲ್ಲೇ ಕೂತು ಅಪ್ಪ ಅಮ್ಮನನ್ನು ಒಪ್ಪಿಸಿ, ಅರ್ಜಿ ತುಂಬಿಸಿ, ಆಮೇಲೆ ಏಳುತ್ತಿದ್ದರು.

ಕರಾವಳಿಯ ಕಷ್ಟ ಏನು ಅಂತ ನಿಮಗೆ ಗೊತ್ತು. ಜೂನ್ 1 ರಿಂದ ಜುಲೈ 31 ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿಗೆ ಅದು ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಪಿಯುಸಿ, ಐಟಿಐ, ಡಿಪ್ಲೊಮಾ ಪ್ರವೇಶದ ಖರ್ಚು ಬರುವುದೂ ಅದೇ ಹೊತ್ತಿಗೆ. ಸಮವಸ್ತ್ರ, ಪುಸ್ತಕ, ಬಸ್ ಪಾಸು, ಮೇಲೆ ಕೊಡೆ. ಮನೆಯಲ್ಲಿ ದುಡಿಮೆ ಇಲ್ಲದ ಎರಡು ತಿಂಗಳಲ್ಲೇ ಹೆಣ್ಣುಮಕ್ಕಳ ಓದು ನಿಲ್ಲುವುದು ಜಾಸ್ತಿ. ಇದನ್ನು ಮೊದಲು ಗಮನಿಸಿದ್ದು ಅಕ್ಕೋರು. ಅದಕ್ಕೇ ಅವರು ಎಂಟನೇ ತರಗತಿಯಿಂದಲೇ ತಯಾರಿ ಶುರು ಮಾಡಿಸುತ್ತಿದ್ದರು. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿ ತನಕ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಎಷ್ಟೋ ಪಾಲಕರು ಅದರ ಹೆಸರೇ ಕೇಳಿರಲಿಲ್ಲ. ಭಾನುವಾರ ಮಕ್ಕಳನ್ನು ಕೂರಿಸಿ ಹಳೆ ಪ್ರಶ್ನೆಪತ್ರಿಕೆ ಬಿಡಿಸುವುದು, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಓಡಾಡುವುದು, ಬ್ಯಾಂಕ್ ಖಾತೆ ತೆರೆಸುವುದು, ಎಲ್ಲವೂ ಅವರದೇ.

ಇವತ್ತು ನಮ್ಮ ಮಕ್ಕಳು ಎಲ್ಲೆಲ್ಲಿ ಇದ್ದಾರೆ ನೋಡಿ. ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ ಇದ್ದಾರೆ, ಕಾರವಾರದ ನೌಕಾನೆಲೆಯ ಯಾರ್ಡಿನಲ್ಲಿ ಇದ್ದಾರೆ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದಿದವರು, ಕಾರವಾರದ ಮೆಡಿಕಲ್ ಕಾಲೇಜಿನಲ್ಲಿ ನರ್ಸ್ ಆದವರು, ಕೊಂಕಣ ರೈಲ್ವೆಗೆ ಸೇರಿದವರು, ಸ್ವಂತ ಬೋಟು ಮಾಡಿ ಲೆಕ್ಕಪತ್ರ ಚೊಕ್ಕಟ ಇಟ್ಟುಕೊಂಡವರು. ಅಕ್ಕೋರಿಗೆ ಎಲ್ಲರ ಮೇಲೂ ಒಂದೇ ಅಭಿಮಾನ. ಐಟಿಐ ಅಂದರೆ ಕಡಿಮೆ ಅಂತ ಯಾರಾದರೂ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಐಟಿಐ ಮುಗಿಸಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಲು ದಾರಿ ಇದೆ ಅಂತ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದರು. ನಮ್ಮ ಟ್ರಸ್ಟಿನ ಹೆಮ್ಮೆ ಏನಿದ್ದರೂ ಅದು ಅವರು ದುಡಿದು ಕೊಟ್ಟದ್ದು.

ಆ ಕಪಾಟಿನಲ್ಲಿ ಇದ್ದದ್ದು ಅವರ ನೋಟ್‌ಬುಕ್ಕುಗಳು. ಪ್ರತಿ ಮಗುವಿಗೂ ಒಂದು ಪುಟ. ಅಂಕ, ಮನೆಯ ಪರಿಸ್ಥಿತಿ, ಮಗು ಏನಾಗಬೇಕು ಅಂದಿತು, ಎರಡು ವರ್ಷದ ಮೇಲೆ ಏನಾಯಿತು. ಕೆಳಗಿನ ಸಾಲಿನವು ಒದ್ದೆಯಾಗಿ ಶಾಯಿ ಹರಡಿಹೋಗಿದೆ. ಉಳಿದವನ್ನು ಒಣಗಿಸಿ ಒಬ್ಬ ಟ್ರಸ್ಟಿಯ ಮನೆಯಲ್ಲಿ ಬೀಗ ಹಾಕಿ ಇಟ್ಟಿದ್ದೇವೆ. ಮಕ್ಕಳು ನಂಬಿಕೆಯಿಂದ ಹೇಳಿಕೊಂಡ ಮಾತುಗಳು ಅದರಲ್ಲಿವೆ, ಯಾರಿಗೂ ತೋರಿಸುವುದಿಲ್ಲ. ಈಗ ಕೇಂದ್ರ ನೋಡಿಕೊಳ್ಳುವವರು ಅವರ ಶಿಷ್ಯೆಯೇ. ಅದೇ ರೀತಿ ಹೊಸ ಪುಟ ಬರೆಯುತ್ತಾರೆ, ಆದರೆ ಮಳೆ ಬಂದಾಗ ಮಕ್ಕಳನ್ನು ಕೂರಿಸಲು ಒಣ ಜಾಗ ಇಲ್ಲ.

ಮಾಡಿಗೆ, ಮರಮಟ್ಟು ಮತ್ತು ಕೂಲಿ ಸೇರಿ, ಸುಮಾರು ಮೂರು ಲಕ್ಷ ಬೇಕು. ಕಬ್ಬಿಣದ ಕಪಾಟು, ವೈರಿಂಗ್ ಅಂತ ಇನ್ನೊಂದು ಐವತ್ತು ಸಾವಿರ ಹಿಡಿಯಿರಿ. ಶಿಷ್ಯೆಗೆ ವರ್ಷದ ಗೌರವಧನ ಬೇರೆ. ಅವರು ಕೇಳುವುದಿಲ್ಲ, ಆದರೆ ಸುಮ್ನೆ ದುಡಿಸಿಕೊಳ್ಳುವುದು ನಮಗೆ ಸರಿ ಕಾಣುವುದಿಲ್ಲ. ಉಳಿದದ್ದು ಜೂನ್-ಜುಲೈ ಪ್ರವೇಶದ ನಿಧಿಗೆ ಹೋಗುತ್ತದೆ.

ಐನೂರು ಕೊಟ್ಟರೂ ದೊಡ್ಡದೇ. ದುಡ್ಡು ಆಗದಿದ್ದರೆ ಹಂಚು ಕೊಡಿಸಿ, ಒಂದು ದಿನ ಕೈ ಜೋಡಿಸಿ. ಖಜಾಂಚಿಯವರ ಹತ್ತಿರ ಅಥವಾ ಶಾಲೆಯ ಆಫೀಸಿನಲ್ಲಿ ಕೊಟ್ಟು ರಸೀದಿ ತೆಗೆದುಕೊಳ್ಳಿ. ದೂರದಲ್ಲಿ ಇರುವವರು ಟ್ರಸ್ಟಿನ ಖಾತೆಗೆ ಹಾಕಿ ಹೆಸರು ಮತ್ತು ಬ್ಯಾಚ್ ತಿಳಿಸಿ. ಹಂಚಿಗೆ ಈ ವಾರವೇ ಮುಂಗಡ ಕೊಡಬೇಕಾಗಿದೆ, ದಯವಿಟ್ಟು ತಡ ಮಾಡಬೇಡಿ.

ನಿಮ್ಮ,
ಟ್ರಸ್ಟಿಗಳು