ಆ ಒಂದು ಸಾಲಿನ ಬಗ್ಗೆ

ಪ್ರೀತಿಯ ಮಗಳೇ,

ನಿನ್ನ ಪತ್ರದಲ್ಲಿ ಎಷ್ಟೋ ಸುದ್ದಿ ಇದೆ. ಆದರೆ ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, ‘ಇದನ್ನು ಅತ್ತೆಗೆ ಹೇಳಿದರೆ ಆ ಮನೆಯ ಹೆಸರೇ ಸುಳ್ಳಾಗಿಬಿಡುತ್ತದಾ ದೊಡ್ಡಪ್ಪಾ’ ಅಂತ, ಆ ಮಾತು ನನ್ನನ್ನು ಬಿಡುತ್ತಿಲ್ಲ. ರಾತ್ರಿ ಎಚ್ಚರವಾದರೆ ಅದೇ ನೆನಪಾಗುತ್ತದೆ.

ಮಗುವಿನ ಮೊದಲ ಪರಮಪ್ರಸಾದದ ದಿನ ಅತ್ತೆಯ ಕೈಗೆ ವಂಶವೃಕ್ಷ ಕೊಡಬೇಕು ಅಂತ ಹೊರಟವಳು ನೀನು. ನೀನು ಸೊಸೆಯಾಗಿ ಹೋದ ಮಾಲ್ಟಾ ದ್ವೀಪದ ಇಗರ್ಜಿಗಳ ಮದುವೆ ಪುಸ್ತಕಗಳಲ್ಲಿ ವಧೂವರರ ತಂದೆ ತಾಯಿಯ ಹೆಸರೂ ಇರುತ್ತದೆ. ಹಾಗಾಗಿ ಒಂದು ಮದುವೆಯಿಂದ ಅದರ ಹಿಂದಿನ ಮದುವೆಗೆ ಬೇಗ ಬೇಗ ಹೋಗಬಹುದು. ಹಾಗೆ ಹೋಗಿ 1787ಕ್ಕೆ ಮುಟ್ಟಿದೆ, ಅಲ್ಲಿ ನಿಂತೆ. ಆ ಸಾಲಿನಲ್ಲಿ ‘ವರನ ತಂದೆ ತಾಯಿ ಯಾರೆಂದು ತಿಳಿಯದು’ ಅಂತ ಇದೆ. ಅತ್ತೆಯ ಹಜಾರದಲ್ಲಿ ನೋಡಿದರೆ ಗೋಡೆ ಮೇಲೆ ಮನೆತನದ ಲಾಂಛನ, ಸಿಸಿಲಿಯಿಂದ ಬಂದ ದೊಡ್ಡವರ ಕಥೆ. ನೀನು ಹೊರಗಿನಿಂದ ಬಂದ ಸೊಸೆ. ಭಯ ಆಗದೇ ಇರುತ್ತದಾ?

ನೀನು ಕಡತ ನೋಡಲು ಹೋಗುವ ರಬಾತ್‌ನ ಸಾಂತು ಸ್ಪಿರ್ತು ಇದೆಯಲ್ಲ, ಅದು ಪತ್ರಾಗಾರ ಆಗುವ ಮೊದಲು ಶತಮಾನಗಳ ಕಾಲ ಆಸ್ಪತ್ರೆ. ಹಿಂದೆ ಅಲ್ಲಿ ಗೋಡೆಯಲ್ಲೊಂದು ತಿರುಗುವ ತೊಟ್ಟಿಲು ಇತ್ತು. ಹೊರಗೆ ನಿಂತವರು ಕೂಸನ್ನು ಅದರಲ್ಲಿಟ್ಟು ತಿರುಗಿಸುತ್ತಿದ್ದರು. ಒಳಗಿದ್ದವರು ಎತ್ತಿಕೊಳ್ಳುತ್ತಿದ್ದರು. ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ. ಆಮೇಲೆ ಇಂಥ ಕೂಸುಗಳನ್ನು ಹಾಲೂಡಲು ಹಳ್ಳಿಯ ಹೆಂಗಸರಿಗೆ ಒಪ್ಪಿಸುತ್ತಿದ್ದರು. ಬದುಕುತ್ತಿದ್ದದ್ದು ಕಡಿಮೆ. ನೀನು ಕಂಡ ಆ ವರ ಅಂಥ ತೊಟ್ಟಿಲಿಂದಲೇ ಬಂದನೋ ಇಲ್ಲವೋ ನೋಡಬೇಕು. ಆದರೆ ಬದುಕಿದ. ಮದುವೆಯೂ ಆದ. ನಿನ್ನ ಮಗಳು ಅವನ ಕುಡಿ.

ಇಗರ್ಜಿಯಲ್ಲಿ ಗುಮಾಸ್ತನಾಗಿದ್ದಾಗ ಜ್ಞಾನಸ್ನಾನದ ಪುಸ್ತಕದಲ್ಲಿ ಇಂಥ ಸಾಲುಗಳನ್ನು ನಾನೂ ನೋಡಿದ್ದೇನೆ. ನಮ್ಮಲ್ಲಿ ಏನೂ ಬರೆಯುತ್ತಿರಲಿಲ್ಲ. ತಂದೆಯ ಜಾಗದಲ್ಲಿ ಸಣ್ಣ ಗೆರೆ, ಅಷ್ಟೇ. ಒಮ್ಮೆ ಒಬ್ಬ ಹುಡುಗ ಗಲ್ಫಿಗೆ ಹೋಗಲು ಸರ್ಟಿಫಿಕೇಟು ಬೇಕು ಅಂತ ಬಂದ. ಪುಸ್ತಕ ತಿರುಗಿಸಿ ತೋರಿಸಿದೆ. ಅವನ ಬೆರಳು ಸಾಲಿನ ಮೇಲೆ ಸರಿಯುತ್ತಾ ಬಂದು ಆ ಗೆರೆಯ ಮೇಲೆ ನಿಂತಿತು. ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ‘ಇಲ್ಲಿ ಏನಾದರೂ ಬರೆಯಬಹುದಾ’ ಅಂತ ಕೇಳಿದ. ಆಗುವುದಿಲ್ಲ ಅಂದೆ. ತುಂಬಾ ಹೊತ್ತು ಬೆಂಚಿನ ಮೇಲೆ ಕೂತಿದ್ದ. ಎದ್ದು ಹೊರಡುವಾಗ, ಜ್ಞಾನಸ್ನಾನದಲ್ಲಿ ಜೊತೆ ನಿಂತ ಧರ್ಮಮಾತೆ ಅಂತ ಬರೆದ ಈ ಹೆಂಗಸು ಯಾರು ಅಂತ ಕೇಳಿದ. ಅವಳು ಇನ್ನೂ ಇದ್ದಳು, ಮನೆ ಹೇಳಿ ಕಳಿಸಿದೆ. ಅಲ್ಲಿ ಏನು ಮಾತಾಯಿತೋ. ಅವನ ಮದುವೆಯಲ್ಲಿ ತಾಯಿಯ ಪಕ್ಕದಲ್ಲೇ ಅವಳೂ ಕೂತಿದ್ದಳು.

ಅದಕ್ಕೇ ಹೇಳುತ್ತೇನೆ, ಆ ಖಾಲಿ ಜಾಗವನ್ನೇ ನೋಡುತ್ತಾ ಕೂರಬೇಡ. ಪಕ್ಕದ ಹೆಸರುಗಳನ್ನು ನೋಡು. 1787ರಲ್ಲಿ ತಂದೆ ತಾಯಿ ಇಲ್ಲದವನಿಗೆ ಯಾರೋ ಒಬ್ಬರು ನಂಬಿ ಹೆಣ್ಣು ಕೊಟ್ಟಿದ್ದಾರೆ. ಅದು ಯಾವ ಮನೆ? ವರದಕ್ಷಿಣೆಯ ಕರಾರು ಬರೆಸಿದ್ದರೆ ವಲೆಟ್ಟಾದ ನೋಟರಿ ಪತ್ರಾಗಾರದಲ್ಲಿ ಸಿಕ್ಕರೂ ಸಿಗಬಹುದು. ಅಲ್ಲಿ ಸಂಪುಟಗಳು ಇರುವುದು ನೋಟರಿಯ ಹೆಸರಿನ ಮೇಲೆ, ಮನೆತನದ ಹೆಸರಿನ ಮೇಲೆ ಅಲ್ಲ. ಆ ಊರಿಗೆ ಆಗ ಯಾವ ನೋಟರಿ ಇದ್ದ ಅಂತ ಮೊದಲು ವಿಚಾರಿಸು. ಇದೆಲ್ಲ ನಿನಗೆ ಗೊತ್ತೇ ಇರಬಹುದು, ಸುಮ್ನೆ ಹೇಳುತ್ತಿದ್ದೇನೆ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ಹೆಸರು ಸುಳ್ಳಾಗುತ್ತದಾ? 1551ರಲ್ಲಿ ತುರ್ಕಿ ಹಡಗುಗಳು ಬಂದು ಮಾಲ್ಟಾದ ಪಕ್ಕದ ಗೋಜೋ ದ್ವೀಪದ ಹೆಚ್ಚುಕಡಿಮೆ ಎಲ್ಲರನ್ನೂ, ಸುಮಾರು 5,000 ಜನರನ್ನು, ಗುಲಾಮರಾಗಿ ಹೊತ್ತುಕೊಂಡು ಹೋದವು. ಅದರಾಚೆ ಅಲ್ಲಿನ ಮನೆಗಳ ಜಾಡು ಸಿಗುವುದು ಕಷ್ಟ. ಮಂಗಳೂರು ಕಡೆಯ ನಮ್ಮ ಕ್ರೈಸ್ತರನ್ನು 1784ರಲ್ಲಿ ಟಿಪ್ಪು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳೂ ನೆಲಸಮವಾದವು. ನಮ್ಮ ಎಷ್ಟೋ ಮನೆಗಳ ಕಥೆ ಸೆರೆಯಿಂದ ವಾಪಸ್ ಬಂದವರಿಂದಲೇ ಶುರು. ಹಾಗಂತ ನಮ್ಮನ್ನು ಯಾರೂ ಸುಳ್ಳು ಮನೆಯವರು ಅನ್ನುವುದಿಲ್ಲ, ಅಲ್ವಾ? ಆದರೆ ಇದು ಬೇರೆ, ನನಗೂ ಗೊತ್ತು. ದಾಳಿಯಲ್ಲಿ ಕಳೆದುಹೋದದ್ದಕ್ಕೆ ನಾಚಿಕೆ ಇಲ್ಲ. ಬಿಟ್ಟುಹೋದ ಕೂಸಿಗೆ ಮಾತ್ರ ಜನ ನಾಚಿಕೆ ಅಂಟಿಸುತ್ತಾರೆ, ತಪ್ಪು ಯಾರದ್ದೇ ಇರಲಿ.

ನಮ್ಮ ಮನೆಯಲ್ಲೂ ಇತ್ತು. ಅಜ್ಜಿ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ಒಮ್ಮೊಮ್ಮೆ ‘ನಮ್ಮಮ್ಮನಿಗೆ ಅಮ್ಮ ಅಂತ ಯಾರೂ ಇರಲಿಲ್ಲ ಮಗಾ, ಕಾನ್ವೆಂಟೇ ಮನೆ’ ಅನ್ನುತ್ತಿದ್ದಳು. ಅಷ್ಟು ಹೇಳಿ ನನ್ನ ಮುಖ ನೋಡುತ್ತಿದ್ದಳು. ನಾನು ಕೇಳಲಿ ಅಂತಲೇ ಇದ್ದಿರಬೇಕು. ಅಪ್ಪ ಕೆಮ್ಮುತ್ತಿದ್ದರು, ನಾನು ಎದ್ದು ಆಟಕ್ಕೆ ಓಡುತ್ತಿದ್ದೆ. ಮುಂದೆ ಪುಸ್ತಕದ ಕಪಾಟಿನ ಬೀಗದ ಕೈ ನನ್ನ ಹತ್ತಿರವೇ ಇತ್ತು. ಊರಿನವರ ಸಾಲುಗಳನ್ನೆಲ್ಲ ಹುಡುಕಿಕೊಟ್ಟೆ, ಮುತ್ತಜ್ಜಿಯ ಸಾಲು ಹುಡುಕಲು ಕೈ ಬರಲಿಲ್ಲ. ನಿನ್ನ ಭಯವೇ ನನ್ನದೂ. ಅಜ್ಜಿ ಹೋದ ಮೇಲೆ ಕೇಳಲು ಯಾರೂ ಉಳಿಯಲಿಲ್ಲ. ಈ ವಯಸ್ಸಿನಲ್ಲೂ ಅದು ಚುಚ್ಚುತ್ತದೆ.

ನಿನ್ನ ಅತ್ತೆ ಇದ್ದಾರೆ. ಅದಕ್ಕೆ ನನಗೆ ಇಷ್ಟು ತವಕ. ಹೇಳುವ ಮೊದಲು ಕೇಳು. ಮನೆಗೆ ಊರವರು ಇಟ್ಟ ಅಡ್ಡಹೆಸರು, ಅಲ್ಲಿ ‘ಲಾಅಮ್’ ಅನ್ನುತ್ತಾರಲ್ಲ, ಅದರ ಬಗ್ಗೆ ಕೇಳು. ಬೋರ್ಗ್, ಕಮಿಲ್ಲೇರಿ, ವೆಲ್ಲಾ ಅಂತ ಅರ್ಧ ಊರಿಗೇ ಒಂದೇ ಹೆಸರು ಇರುವ ಕಡೆ ಮನೆ ಗುರುತು ಹಿಡಿಯುವುದು ಅದರಿಂದಲೇ. ಮುದುಕಿಯರ ಹತ್ತಿರ ಕಾಗದಕ್ಕಿಂತ ಜಾಸ್ತಿ ಇರುತ್ತದೆ. ಅವರಿಗೆ ಈ ವಿಷಯ ಗೊತ್ತೇ ಇಲ್ಲ ಅಂತ ನೀನೇ ತೀರ್ಮಾನ ಮಾಡಿದ್ದೀಯ. ಇರಲೂಬಹುದು.

ಹಬ್ಬದ ದಿನ ಎಲ್ಲರ ಎದುರು ಮಾತ್ರ ಬೇಡ. ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಆ ಪುಟದ ಫೋಟೋ ತೋರಿಸು. ವಂಶವೃಕ್ಷವನ್ನು ಗೋಡೆಗೆ ಹಾಕಬೇಡ ಅಂತ ಅವರು ಅಂದರೆ ಹಾಕಬೇಡ. ಆದರೆ ನಿನ್ನ ಪುಸ್ತಕದಿಂದ ಆ ಸಾಲನ್ನು ಅಳಿಸಬೇಡ. ಅಲ್ಲಿಗೆ ಯಾವ ಸಿಸಿಲಿಯವನ ಹೆಸರನ್ನೂ ತಂದು ಸೇರಿಸಬೇಡ. ಇದೊಂದನ್ನು ಹಿರಿಯ ಅಂತ ಹಟದಿಂದ ಹೇಳುತ್ತಿದ್ದೇನೆ. ಉಳಿದದ್ದೆಲ್ಲ ನಿನಗೆ ತೋಚಿದ ಹಾಗೆ ಮಾಡು. ನಾನು ಆ ಮನೆಯನ್ನು ನೋಡಿದವನೂ ಅಲ್ಲ.

ಇನ್ನೊಂದು. ಪಾದ್ರಿಗಳು ವರ್ಷಕ್ಕೊಮ್ಮೆ ಮನೆ ಮನೆಯ ಜನರನ್ನು ಬರೆದಿಡುತ್ತಿದ್ದ ಪಟ್ಟಿಗಳಿವೆ. ಆ ಊರಿನದು ಉಳಿದಿದ್ದರೆ ಹುಡುಗ ಯಾರ ಮನೆಯಲ್ಲಿ ಬೆಳೆದ ಅಂತ ತಿಳಿಯಬಹುದು. ಜೋಸೆಫುಸ್, ಜುಸೆಪ್ಪೆ, ಜುಸೆಪ್ಪಿ ಅಂತ ಬೇರೆ ಬೇರೆ ಕಂಡರೆ ಗಾಬರಿಯಾಗಬೇಡ. ಲ್ಯಾಟಿನ್, ಇಟಾಲಿಯನ್, ಮಾಲ್ಟೀಸ್ ಮೂರರಲ್ಲೂ ಅದೇ ಹೆಸರು.

ನೀನು ಕಳಿಸಿದ ಫೋಟೋದಲ್ಲಿ ಬಲಗಡೆ ಅಂಚು ಕತ್ತರಿಸಿ ಹೋಗಿದೆ. ಮದುವೆಯ ಸಾಕ್ಷಿಗಳ ಹೆಸರು ಅಲ್ಲೇ ಇರುವುದು. ಪುಟ ಪೂರ್ತಿ ಬರುವ ಹಾಗೆ ಇನ್ನೊಮ್ಮೆ ತೆಗೆದು ಕಳಿಸು. ಅತ್ತೆ ಏನು ಅಂದರು ಅಂತಲೂ ಬರಿ, ಏನೂ ಅನ್ನದಿದ್ದರೂ ಬರಿ.

ನಿನ್ನ ದೊಡ್ಡಪ್ಪ