ಭಾನುವಾರ ಹಿನ್ನೀರಿಗೆ ಇಳಿಯುವ ಮೊದಲು

ಎಲ್ಲರಿಗೂ ನಮಸ್ಕಾರ. ಹೊನ್ನೇಮರಡಿನಲ್ಲಿ ಮೊದಲ ಸಲ ಕಯಾಕ್ ಹತ್ತುವವರು ದಯವಿಟ್ಟು ಇದನ್ನು ಓದಿ. ಲಿಂಗನಮಕ್ಕಿ ಹಿನ್ನೀರು ಕೆರೆಯ ಹಾಗೆ ಶಾಂತವಾಗಿ ಕಾಣುತ್ತದೆ, ಅಲ್ವಾ? ಅಡಿಯಲ್ಲಿರುವುದು 1964ರ ಅಣೆಕಟ್ಟು ಮುಳುಗಿಸಿದ ಕಾಡು. ನೀರು ಇಳಿದಾಗ ಮರದ ಬೊಡ್ಡೆಗಳು ಒಂದು ಗೇಣು ಕೆಳಗೆ, ಕಣ್ಣಿಗೆ ಕಾಣದೆ ನಿಂತಿರುತ್ತವೆ. ಕಳೆದ ವರ್ಷ ನನ್ನ ದೋಣಿ ಅಂಥದ್ದೇ ಒಂದಕ್ಕೆ ತಾಗಿ ಮಗುಚಿತು. ಲೈಫ್ ಜಾಕೆಟ್‌ ಬಕಲ್ ಹಾಕಿರಲಿಲ್ಲ. ನೀರಿಗೆ ಬಿದ್ದ ಕೂಡಲೇ ಜಾಕೆಟ್ ಕಿವಿಯವರೆಗೆ ಮೇಲೆ ಬಂತು, ಕೈಯೇ ಆಡಲಿಲ್ಲ.

ಹಾಗಾಗಿ ದಡದಲ್ಲೇ ಬಕಲ್ ಬಿಗಿಯಿರಿ. ಪಕ್ಕದವರಿಂದ ಭುಜದ ಪಟ್ಟಿ ಎಳೆಸಿ ನೋಡಿ, ಗಲ್ಲಕ್ಕೆ ಬಂದರೆ ಸಡಿಲ ಅಂತಲೇ ಅರ್ಥ. ಮಗುಚಿದರೆ ದೋಣಿ ಬಿಡಬೇಡಿ, ಅದು ತೇಲುತ್ತದೆ. ದಡ ಹತ್ತಿರವೇ ಇದೆ ಅಂತ ಸುಮ್ನೆ ಈಜಲು ಹೊರಡಬೇಡಿ. ಗಾಳಿ ಎದ್ದರೆ ದೋಣಿಯ ಮೂತಿ ಅಲೆಯ ಕಡೆಗಿರಲಿ. ಈಜು ಬಾರದವರು ಸಂಕೋಚ ಬಿಟ್ಟು ಇಲ್ಲೇ ಹೇಳಿ, ಜೊತೆಗೆ ಒಬ್ಬರನ್ನು ಕೂರಿಸುತ್ತೇವೆ.