ಮಗಳಿಗೆ ಎರಡು, ನನಗೆ ಎಂಟು

ಪ್ರೀತಿಯ ಗೆಳೆಯಾ,

ನಾನು ಉತ್ತರ ಬರೆಯುವುದಿಲ್ಲವೆಂದು ನೀನು ಎಲ್ಲರೆದುರು ಬೈದಿರುವುದರಿಂದ ಉತ್ತರವನ್ನೂ ಎಲ್ಲರೆದುರೇ ಬರೆಯುತ್ತಿದ್ದೇನೆ. ಕಾರವಾರದಲ್ಲಿ ಮಳೆ ಜೋರಾಗಿದೆ, ಮೀನು ತುಟ್ಟಿಯಾಗಿದೆ. ನೀಲಿ ಬಕೆಟ್ಟಿನ ವಿಷಯವನ್ನು ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ರೋಗಿ ಯಾವುದನ್ನು ನೋವು ಎನ್ನುತ್ತಾನೋ ಅದೇ ನೋವು, ಇದೆ ಎಂದು ಅವನು ಹೇಳಿದಾಗ ಅದು ಇದೆ ಎಂದು ಅಮೆರಿಕದ ನರ್ಸ್ ಮಾರ್ಗೊ ಮೆಕ್ಯಾಫ್ರಿ 1968ರಲ್ಲಿ ಬರೆದದ್ದನ್ನು ನರ್ಸಿಂಗ್ ಓದುವಾಗ ನಾವಿಬ್ಬರೂ ಬಾಯಿಪಾಠ ಮಾಡಿದ್ದೆವಲ್ಲ. ಆದರೆ ರೋಗಿ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳಿದರೆ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ. ನಮ್ಮ ವಾರ್ಡಿನಲ್ಲಿ ಕುಮಟೆಯ ಕಡೆಯ ಒಬ್ಬ ಅಜ್ಜಿ ಇದ್ದರು. ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟೆಂದು ಕೇಳಿದರೆ, ಮಡಗಾಂವಿನಿಂದ ಬಂದ ಮಗಳು ಪಕ್ಕದಲ್ಲಿರುವಾಗ ‘ಎರಡು’ ಎನ್ನುತ್ತಿದ್ದರು. ಮಗಳು ರೈಲಿಗೆ ಹೊರಟಳೆಂದು ಖಾತ್ರಿಯಾದ ಮೇಲೆ ನನ್ನ ತೋಳು ಹಿಡಿದು, ‘ಎಂಟು, ತಮಾ’ ಎನ್ನುತ್ತಿದ್ದರು. ಚಾರ್ಟಿನಲ್ಲಿ ನಾನು ಎಂಟನ್ನೇ ಬರೆಯುತ್ತಿದ್ದೆ.

ಡಾಕ್ಟರು ಮಾರ್ಫಿನ್ ಗುಳಿಗೆ ಆರಂಭಿಸಿದರು. ನಾಲ್ಕು ತಾಸಿಗೊಮ್ಮೆ, ನೋವು ಮರಳುವ ಮೊದಲೇ, ಜೊತೆಗೆ ಮಲಬದ್ಧತೆಗೆ ತಪ್ಪದೆ ಔಷಧಿ. ನೋವು ಬರಲಿ ಎಂದು ಕಾಯದೆ ಗಡಿಯಾರ ನೋಡಿ ಕೊಡಿ ಎಂದು ಹಟ ಹಿಡಿದವರು, 1967ರಲ್ಲಿ ಲಂಡನ್ನಿನಲ್ಲಿ ಸಾವಿನಂಚಿನ ರೋಗಿಗಳಿಗೆಂದೇ ಸೇಂಟ್ ಕ್ರಿಸ್ಟೊಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್. ಅವರು ವೈದ್ಯೆಯಾಗುವ ಮೊದಲು ನರ್ಸ್ ಆಗಿದ್ದರೆಂಬುದನ್ನು ನಾನು ಸಂದರ್ಭ ಸಿಕ್ಕಾಗಲೆಲ್ಲ ಡಾಕ್ಟರುಗಳಿಗೆ ನೆನಪಿಸುತ್ತೇನೆ. ದೇಹ, ಮನಸ್ಸು, ಸಂಸಾರ, ದೇವರು ಎಲ್ಲವೂ ಸೇರಿದ ‘ಸಮಗ್ರ ನೋವು’ ಎಂದು ಅವರು ಕರೆದದ್ದು ಏನೆಂದು ನನಗೆ ತಿಳಿದದ್ದು ಅಜ್ಜಿಯ ಮೂಳೆಯ ನೋವು ಇಳಿದ ಮೇಲೆ. ಅಲ್ಲಿಯವರೆಗೆ ಬಾಯಿಗೆ ಬಾರದಿದ್ದ ಸೊಸೈಟಿಯ ಸಾಲ, ಪದೇ ಪದೇ ರಜೆ ಹಾಕಿದರೆ ಮಗಳ ಕೆಲಸ ಹೋದೀತೆಂಬ ಭಯ, ಒಂದೊಂದಾಗಿ ರಾತ್ರಿಪಾಳಿಯಲ್ಲಿ ಹೊರಬಂದವು. ಅವಕ್ಕೆ ಗುಳಿಗೆಯಿಲ್ಲ, ಸ್ಟೂಲು ಎಳೆದುಕೊಂಡು ಕೂರುವುದೊಂದೇ, ಅದೂ ಪಕ್ಕದ ಬೆಡ್ಡಿನ ಡ್ರಿಪ್ ಮುಗಿಯುವವರೆಗೆ.

ಅಜ್ಜಿ ತೀರಿಕೊಂಡ ಮೇಲೆ ಕಾಗದಪತ್ರಕ್ಕೆಂದು ಬಂದ ಮಗಳು, ‘ಆಯಿಗೆ ತುಂಬಾ ನೋವಿತ್ತಾ?’ ಎಂದು ಕೇಳಿದಳು. ‘ಎರಡೇ’ ಎಂದೆ. ಅದು ಅಜ್ಜಿಯ ಇಚ್ಛೆಯನ್ನು ಕಾಯಲೆಂದು ಹೇಳಿದ ಮಾತೋ, ಅಳುವವರೆದುರು ನಿಲ್ಲಲಾರದೆ ಹೇಳಿದ ಮಾತೋ ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ. ಚಾರ್ಟನ್ನು ಬಿಟ್ಟರೆ ಆ ಎಂಟು ಈಗ ನನ್ನೊಬ್ಬನ ಬಳಿ ಉಳಿದಿದೆ. ಸೂತಕಕ್ಕೆ ನಮ್ಮಲ್ಲಿ ಲೆಕ್ಕವಿದೆ: ಹತ್ತಿರದವರಿಗೆ ಹತ್ತು ದಿನ, ದೂರದ ದಾಯಾದಿಗಳಿಗೆ ಮೂರು, ಇನ್ನೂ ದೂರದವರಿಗೆ ಒಂದು ಸ್ನಾನ. ಮೈ ಒರೆಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸಿದವನು ಆ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಹೀಗೆ ದುಃಖಪಡುವ ಹಕ್ಕನ್ನು ಸಮಾಜ ಕೊಡದವರ ದುಃಖಕ್ಕೆ ಅಮೆರಿಕದ ಪ್ರಾಧ್ಯಾಪಕ ಕೆನೆತ್ ಡೋಕಾ 1989ರಲ್ಲಿ ‘ಡಿಸ್‌ಎನ್‌ಫ್ರಾಂಚೈಸ್ಡ್ ಗ್ರೀಫ್’, ಅಂದರೆ ಹಕ್ಕಿಲ್ಲದ ದುಃಖ, ಎಂಬ ಹೆಸರನ್ನೇ ಕೊಟ್ಟರು. ಅದರೊಳಗೆ ನಮ್ಮಂಥವರಿಗೂ ಜಾಗವಿದೆಯಂತೆ.

ಆದರೆ ಆ ಜಾಗ ನನಗೆ ಸಲ್ಲುವುದೇ? ಇದನ್ನು ಬರೆಯಬೇಕೆಂದು ಕೂತಿರಲಿಲ್ಲ. ಕೊನೆಯ ಸಂಜೆ ಅಜ್ಜಿಯ ಉಸಿರು ಉಸಿರಿನ ನಡುವಿನ ಅಂತರ ಹೆಚ್ಚುತ್ತಿದ್ದುದನ್ನು ಕಂಡು ನಾನು ಗಡಿಯಾರ ನೋಡಿದೆ. ನನ್ನ ಡ್ಯೂಟಿ ಮುಗಿದ ಮೇಲೆ ಜೀವ ಹೋಗಲಪ್ಪಾ ಎಂದು ಬೇಡಿಕೊಂಡೆ. ಹಾಗೆಯೇ ಆಯಿತು. ಚಾರ್ಜ್ ಒಪ್ಪಿಸಿ ಮನೆಗೆ ಬಂದು ಸ್ನಾನ ಮಾಡಿ, ಅಮ್ಮ ಬಡಿಸಿದ್ದನ್ನೆಲ್ಲ ಉಂಡೆ. ಎರಡನೆಯ ಬಾರಿ ಅನ್ನವನ್ನೂ ಹಾಕಿಸಿಕೊಂಡೆ.

ಇರಲಿ. ಶೋಕತಪ್ತನ ಹೊಟ್ಟೆ ಇಷ್ಟು ಮುಂದೆ ಬಂದಿರುವುದಿಲ್ಲವೆಂದು ನೀನು ನನ್ನ ಫೋಟೋ ನೋಡಿ ಹೇಗೂ ಹೇಳುವವನೇ. ಓದುವ ಮಹನೀಯರು ಯಾರೂ ನನ್ನನ್ನು ದೇವದೂತನೆಂದು ಕರೆಯಬಾರದಾಗಿ ವಿನಂತಿ. ದೇವದೂತರಿಗೆ ರಾತ್ರಿಪಾಳಿಯ ಭತ್ಯೆ ಸಿಗುವುದಿಲ್ಲ. ಜುಲೈ 31ಕ್ಕೆ ಟ್ರಾಲರುಗಳ ನಿಷೇಧ ಮುಗಿಯುತ್ತದೆ, ಆಮೇಲೆ ಬಾ. ಇಸ್ವಣ ಮೀನು ತಿನ್ನೋಣ, ದುಡ್ಡು ನಿನ್ನದು, ಅನಾಟಮಿ ವೈವಾದ ಪಂದ್ಯದಲ್ಲಿ ಸೋತವನು ನೀನೇ.

ನಿನ್ನ,
ಬ್ರದರ್